ಗಾಲಿಬ್‌ನನ್ನು ಎಲ್ಲಿಂದ ಶುರು ಮಾಡಲಿ ಅಂತ ಕೇಳುವವರಿಗೆ

"ಉರ್ದು ಬರಲ್ಲ, ಆದರೆ ಗಾಲಿಬ್ ಓದಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡಲಿ?" ಹತ್ತೊಂಬತ್ತನೇ ಶತಮಾನದ ದೆಹಲಿಯ ಕವಿ ಮಿರ್ಜಾ ಗಾಲಿಬ್ ಬಗ್ಗೆ ಈ ಪ್ರಶ್ನೆ ನನಗೆ ಬರುತ್ತಲೇ ಇರುತ್ತದೆ. ಕೇಳುವವರಲ್ಲಿ ಬಹಳ ಜನ ದೂರದರ್ಶನದ ಹಳೇ ಧಾರಾವಾಹಿಯಿಂದಲೋ, ಜಗಜೀತ್ ಸಿಂಗ್ ದನಿಯಿಂದಲೋ ಗಾಲಿಬ್ ಹತ್ತಿರ ಬಂದವರು. ಕಲಬುರಗಿ, ರಾಯಚೂರು ಕಡೆಯವರಾದರೆ ತಾವೇ ಕನ್ನಡದಲ್ಲಿ ಗಜಲ್ ಬರೆಯುವವರೂ ಇರುತ್ತಾರೆ. ನಾನು ಯಾವುದೋ ಗಜಲ್ ಸಂಕಲನದ ಹೆಸರು ಹೇಳುತ್ತೇನೆ ಅಂತ ಎಲ್ಲರೂ ಕಾಯುತ್ತಾರೆ. ನಾನು ಹೇಳುವುದು ಬೇರೆ. ಗಜಲ್ ಆಮೇಲೆ ಓದಿ, ಮೊದಲು ಅವನು ತಫ್ತಾಗೆ ಬರೆದ ಕಾಗದಗಳನ್ನು ಓದಿ.

ಯಾರಪ್ಪಾ ಈ ತಫ್ತಾ ಅಂದರೆ, ಮುನ್ಶಿ ಹರಗೋಪಾಲ್. ಉತ್ತರ ಪ್ರದೇಶದ ಬುಲಂದ್‌ಶಹರ್ ಹತ್ತಿರದ ಸಿಕಂದರಾಬಾದಿನವನು. (ನಮ್ಮ ಹೈದರಾಬಾದಿನ ಮಗ್ಗುಲಿನ ಸಿಕಂದರಾಬಾದ್ ಅಲ್ಲ.) ಜಾತಿಯಲ್ಲಿ ಕಾಯಸ್ಥ. ಬರೆಯುತ್ತಿದ್ದದ್ದು ಫಾರಸಿ ಕವಿತೆ. 'ತಫ್ತಾ' ಅವನ ಕಾವ್ಯನಾಮ. ವಯಸ್ಸಿನಲ್ಲಿ ಗಾಲಿಬ್‌ಗೂ ಅವನಿಗೂ ಹೆಚ್ಚು ಅಂತರವಿಲ್ಲ, ಆದರೂ ಅವನು ಶಾಗಿರ್ದ್ (ಶಿಷ್ಯ), ಗಾಲಿಬ್ ಉಸ್ತಾದ್ (ಗುರು). ಕವಿತೆಗಳನ್ನು ಅಂಚೆಯಲ್ಲಿ ಕಳಿಸೋನು, ಗಾಲಿಬ್ ತಿದ್ದಿ ವಾಪಸ್ ಕಳಿಸೋನು. ಪ್ರೀತಿಯಿಂದ ಗಾಲಿಬ್ ಅವನಿಗೆ 'ಮಿರ್ಜಾ ತಫ್ತಾ' ಅಂತ ಹೆಸರಿಟ್ಟಿದ್ದ. ಉಳಿದಿರುವ ಉರ್ದು ಪತ್ರಗಳಲ್ಲಿ ನೂರಕ್ಕೂ ಜಾಸ್ತಿ ಇವನೊಬ್ಬನಿಗೇ ಬರೆದವು.

ಗಜಲ್ ಬಿಟ್ಟು ಕಾಗದವೇ ಯಾಕೆ? ಗಜಲ್‌ನ ಜೀವ ಇರೋದೇ ರದೀಫ್, ಕಾಫಿಯಾದಲ್ಲಿ, ಅಂದರೆ ಸಾಲಿನ ಕೊನೆಯಲ್ಲಿ ಮತ್ತೆ ಮತ್ತೆ ಬರುವ ಪದ ಮತ್ತು ಅದರ ಹಿಂದಿನ ಪ್ರಾಸದಲ್ಲಿ. ಅದನ್ನು ಬೇರೆ ಭಾಷೆಗೆ ತಂದರೆ ಅರ್ಥ ಬರುತ್ತದೆ, ಪೆಟ್ಟು ಬರಲ್ಲ. ಅನುವಾದದಲ್ಲಿ ಎರಡು ಸಾಲು ಓದಿ "ಇಷ್ಟೇನಾ ಗಾಲಿಬ್?" ಅನ್ನಿಸಿದರೆ ಅದು ನಿಮ್ಮ ತಪ್ಪಲ್ಲ. ಕಾಗದಕ್ಕೆ ಆ ತೊಂದರೆ ಇಲ್ಲ. ಅದು ಮಾತು. ಮಾತು ಎಲ್ಲಿ ಬೇಕಾದರೂ ಹೋಗುತ್ತದೆ.

ಒಂದು ಕಾಗದ ತೋರಿಸುತ್ತೇನೆ. 1858ರ ಡಿಸೆಂಬರ್. ತಫ್ತಾ ಯಾವುದೋ ಮಾತಿಗೆ ಮುನಿಸಿಕೊಂಡು ಸುಮ್ಮನಾಗಿದ್ದಾನೆ. ಗಾಲಿಬ್ ಬರೆದದ್ದು ಹೆಚ್ಚೂಕಡಿಮೆ ಹೀಗಿದೆ (ಇಲ್ಲಿಯ ಕನ್ನಡವೆಲ್ಲ ನನ್ನದೇ): "ಯಾಕೆ ಸಾಹೇಬರೇ, ಮುನಿಸಿಕೊಂಡೇ ಇರುತ್ತೀರೋ, ಯಾವತ್ತಾದರೂ ರಾಜಿಯಾಗುತ್ತೀರೋ? ರಾಜಿ ಆಗಲ್ಲ ಅಂದರೆ ಮುನಿಸು ಯಾಕೆ ಅಂತಾದರೂ ಬರೆಯಿರಿ. ಈ ಒಂಟಿತನದಲ್ಲಿ ನಾನು ಬದುಕಿರೋದೇ ಕಾಗದಗಳ ಭರವಸೆಯ ಮೇಲೆ. ಯಾರ ಕಾಗದ ಬಂತೋ ಅವರೇ ಬಂದರು ಅಂದುಕೊಳ್ಳುತ್ತೇನೆ." ದಿನಾ ಎರಡು ನಾಲ್ಕು ಕಾಗದ ಬರುತ್ತವಂತೆ. ಕೆಲವು ದಿನ ಅಂಚೆಯವನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬರುತ್ತಾನಂತೆ. ಓದುತ್ತಾ, ಉತ್ತರ ಬರೆಯುತ್ತಾ ಹೊತ್ತು ಹೋಗುತ್ತದಂತೆ. ಹಾಗಿರುವಾಗ ಹತ್ತು ಹನ್ನೆರಡು ದಿನದಿಂದ ನಿಮ್ಮ ಕಾಗದ ಇಲ್ಲ, ಅಂದರೆ ನೀವು ಬಂದಿಲ್ಲ, ಏನು ಕಾರಣ ಅಂತ ಕೇಳುತ್ತಾನೆ. ಕಡೆಗೆ ಒಂದು ಮಾತು: "ಅರ್ಧ ಆಣೆಗೆ ಜುಗ್ಗತನ ಮಾಡಬೇಡಿ. ಅಷ್ಟು ಕಷ್ಟ ಆದರೆ ಬೇರಿಂಗ್ ಕಳಿಸಿ."

ಆ ಅರ್ಧ ಆಣೆ ಏನು ಅಂತ ಗೊತ್ತಾದರೆ ಈ ಕಾಗದ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. 1854ರಲ್ಲಿ ಬ್ರಿಟಿಷರು ಇಡೀ ಇಂಡಿಯಾಕ್ಕೆ ಒಂದೇ ಅಂಚೆ ದರ ತಂದರು. ಅದಕ್ಕೆ ಮೊದಲು ದೂರ ಹೆಚ್ಚಿದಷ್ಟೂ ಖರ್ಚು ಹೆಚ್ಚು. ಆಮೇಲೆ ಹಗುರವಾದ ಕಾಗದಕ್ಕೆ ಅರ್ಧ ಆಣೆಯ ಟಿಕೆಟ್ ಅಂಟಿಸಿದರೆ ಸಾಕು, ಎಷ್ಟು ದೂರ ಬೇಕಾದರೂ ಹೋಗುತ್ತಿತ್ತು. ಟಿಕೆಟ್ ಹಚ್ಚದೆ ಹಾಕಿದರೆ ಅದು ಬೇರಿಂಗ್. ತಗೊಳ್ಳುವವನು ಎರಡರಷ್ಟು ಕೊಟ್ಟು ಬಿಡಿಸಿಕೊಳ್ಳಬೇಕು. ನಮ್ಮ ಅಜ್ಜಂದಿರ ಕಾಲದವರೆಗೂ ಈ ಪದ ಬಳಕೆಯಲ್ಲಿತ್ತು. ಅಂದರೆ ಗಾಲಿಬ್ ಹೇಳುತ್ತಿರೋದು ಇಷ್ಟು: ನಿಮ್ಮ ಅರ್ಧ ಆಣೆ ಉಳಿಸಿಕೊಳ್ಳಿ, ಒಂದು ಆಣೆ ನಾನು ಕೊಡುತ್ತೇನೆ, ಆದರೆ ಬರೆಯಿರಿ. ಇದನ್ನು ಹೇಳುವಾಗ ಅವನ ಕೈ ಪೂರ್ತಿ ಖಾಲಿ. ತಿಂಗಳಿಗೆ ಅರವತ್ತೆರಡೂವರೆ ರೂಪಾಯಿಯ ಕುಟುಂಬ ಪಿಂಚಣಿ 1857ರ ದಂಗೆ ಶುರುವಾದ ಮೇಲೆ ನಿಂತುಹೋಗಿತ್ತು. ಮತ್ತೆ ಸಿಕ್ಕಿದ್ದು 1860ರಲ್ಲಿ.

ಗಾಲಿಬ್ ಬಗ್ಗೆ ಮಾತಾಡುವಾಗ ಜನ ಅಂಚೆ ಇಲಾಖೆಯ ಸುದ್ದಿ ಎತ್ತಲ್ಲ. ನನಗೆ ಮಾತ್ರ ಈ ಪತ್ರಗಳ ಅರ್ಧ ಪುಣ್ಯ ಆ ಇಲಾಖೆಗೂ ಸೇರಬೇಕು ಅನ್ನಿಸುತ್ತದೆ. ಬೆಳಿಗ್ಗೆ ಕೇಳಿದ್ದಕ್ಕೆ ಸಂಜೆ ಉತ್ತರ ಬರೆಯುವ ಅಭ್ಯಾಸ ಬಂದಾಗ ಬರವಣಿಗೆಯೂ ಮಾತಿನ ಹಾಗೆ ಆಗುತ್ತದೆ, ಅಲ್ವಾ? ಅದಕ್ಕೂ ಮೊದಲು ಗಾಲಿಬ್ ಪತ್ರ ಬರೆಯುತ್ತಿದ್ದದ್ದು ಫಾರಸಿಯಲ್ಲಿ. ಅದರಲ್ಲಿ ಒಕ್ಕಣೆ, ಬಿರುದು, ಅಲಂಕಾರ ಮುಗಿಯುವಷ್ಟರಲ್ಲಿ ಅರ್ಧ ಹಾಳೆ ಮುಗಿದಿರುತ್ತಿತ್ತು. 1850ರ ಆಸುಪಾಸಿನಲ್ಲಿ ಉರ್ದುವಿಗೆ ತಿರುಗಿದ. ಕೊನೆಯ ಮೊಘಲ್ ಬಾದಷಹ ಬಹದ್ದೂರ್ ಷಾ ಜಫರ್‌ಗಾಗಿ ಮೊಘಲರ ಚರಿತ್ರೆಯನ್ನು ಫಾರಸಿಯಲ್ಲಿ ಬರೆಯುವ ಕೆಲಸ ಒಪ್ಪಿಕೊಂಡಿದ್ದ, ತಿಂಗಳಿಗೆ 50 ರೂಪಾಯಿ ಸಂಬಳ. ಇಡೀ ದಿನ ಕೆಲಸದ ಫಾರಸಿ ಬರೆದವನಿಗೆ ಸ್ನೇಹಿತರಿಗೂ ಅದೇ ಫಾರಸಿ ಬರೆಯುವ ಶಕ್ತಿ ಉಳಿಯಲಿಲ್ಲ. ಆಮೇಲೆ ಮಿರ್ಜಾ ಹಾತಿಂ ಅಲಿ ಮೆಹರ್ ಎಂಬ ಇನ್ನೊಬ್ಬ ಗೆಳೆಯನಿಗೆ, ಪತ್ರವನ್ನು ಸಂಭಾಷಣೆ ಮಾಡಿಬಿಟ್ಟಿದ್ದೇನೆ, ಸಾವಿರ ಹರದಾರಿ ದೂರದಿಂದ ಲೇಖನಿಯ ನಾಲಗೆಯಲ್ಲಿ ಮಾತಾಡಿ ಅಂತ ಜಂಬದಿಂದಲೇ ಬರೆದ. ಆ ಜಂಬ ಅವನಿಗೆ ಸಲ್ಲುತ್ತದೆ.

ಎರಡನೇ ಕಾಗದ 1857ರ ಡಿಸೆಂಬರಿನದ್ದು. ಸೆಪ್ಟೆಂಬರಿನಲ್ಲಿ ಇಂಗ್ಲಿಷರು ದೆಹಲಿಯನ್ನು ಮತ್ತೆ ಹಿಡಿದಿದ್ದರು. ಊರಿನ ಜನರನ್ನು ಹೊರಗೆ ಅಟ್ಟಿದ್ದರು, ಮುಸ್ಲಿಮರಿಗೆ ಒಳಗೆ ಬರಲು ಬಿಡುತ್ತಿರಲಿಲ್ಲ. ಗಾಲಿಬ್ ತಫ್ತಾಗೆ ಬರೆಯುತ್ತಾನೆ: ಅದೊಂದು ಜನ್ಮ. ಆ ಜನ್ಮದಲ್ಲಿ ನಾವಿಬ್ಬರೂ ಗೆಳೆಯರಾಗಿದ್ದೆವು, ಕವಿತೆ ಕಟ್ಟಿದೆವು, ದಿವಾನ್ (ಕವಿತೆಗಳ ಸಂಕಲನ) ಕೂಡಿಸಿದೆವು. ಇದ್ದಕ್ಕಿದ್ದ ಹಾಗೆ ಆ ಕಾಲ ಹೋಯಿತು, ಆ ಜನ ಹೋದರು. ಈಗ ಇನ್ನೊಂದು ಜನ್ಮ ಸಿಕ್ಕಿದೆ. ನೋಡೋಕೆ ಥೇಟ್ ಹಳೇ ಜನ್ಮದ ಹಾಗೇ ಇದೆ. ನಿಮ್ಮ ಹೆಸರು ಇಲ್ಲೂ ಹರಗೋಪಾಲ್, ಕಾವ್ಯನಾಮ ತಫ್ತಾ. ನಾನಿರುವ ಊರು ಇಲ್ಲೂ ದೆಹಲಿ, ಕೇರಿಯ ಹೆಸರು ಬಲ್ಲೀಮಾರಾನ್. ಆದರೆ ಆ ಜನ್ಮದ ಒಬ್ಬ ಗೆಳೆಯನೂ ಕಣ್ಣಿಗೆ ಬೀಳುತ್ತಿಲ್ಲ.

ಹಿಂದೂ ಗೆಳೆಯನಿಗೆ ಹೇಳುವಾಗ ಅವನಿಗೆ ಒಗ್ಗುವ ಪುನರ್ಜನ್ಮದ ಮಾತನ್ನೇ ತಗೊಂಡು, ಅದನ್ನು ಅಷ್ಟು ತಣ್ಣಗೆ ನಡೆಸಿಕೊಂಡು ಹೋಗಿ, ಕಡೆಗೆ ಮುಳ್ಳು ಚುಚ್ಚುತ್ತಾನೆ. ಇಡೀ ಊರಿನಲ್ಲಿ ಹುಡುಕಿದರೂ ಒಬ್ಬ ಮುಸ್ಲಿಂ ಸಿಗಲ್ಲ, ಬಡವನಿರಲಿ, ಶ್ರೀಮಂತನಿರಲಿ, ಕಸುಬಿನವನಿರಲಿ ಅನ್ನುತ್ತಾನೆ. ಹಾಗಾದರೆ ನೀನು ಹೇಗೆ ಉಳಿದೆ ಅಂತ ಕೇಳುತ್ತೀರಲ್ಲಾ ಅಂತ ತಾನೇ ಪ್ರಶ್ನೆ ಹಾಕಿಕೊಂಡು ಉತ್ತರಿಸುತ್ತಾನೆ. ಅವನದು ಬಾಡಿಗೆ ಮನೆ. ಅಕ್ಕಪಕ್ಕ ಗೋಡೆಗೆ ಗೋಡೆ ಅಂಟಿದ ಮನೆಗಳು ಪಟಿಯಾಲದ ರಾಜನ ಹತ್ತಿರ ಕೆಲಸಕ್ಕಿದ್ದ ಹಕೀಮರವು, ಅಂದರೆ ವೈದ್ಯರವು. ಊರು ಲೂಟಿಯಾದಾಗ ಇವರನ್ನು ಮುಟ್ಟಬಾರದು ಅಂತ ರಾಜ ಇಂಗ್ಲಿಷರಿಂದ ಮೊದಲೇ ಮಾತು ತಗೊಂಡಿದ್ದ. ಗೆದ್ದ ಮೇಲೆ ರಾಜನ ಸಿಪಾಯಿಗಳು ಬಂದು ಆ ಗಲ್ಲಿಯಲ್ಲಿ ಕೂತರು. ಹಕೀಮರ ನೆರಳಲ್ಲಿ ಕವಿಯೂ ಉಳಿದ. ವಿವರವಾಗಿ ಬರೆಯೋಕೆ ಹೆದರಿಕೆ ಅಂತಲೂ ಅದೇ ಕಾಗದದಲ್ಲಿ ಹೇಳುತ್ತಾನೆ. ಚರಿತ್ರೆಯ ಪುಸ್ತಕದಲ್ಲಿ ಬಾಡಿಗೆ ಮನೆಯ ಗೋಡೆಯ ಸುದ್ದಿ ಇರಲ್ಲ.

ಅದೇ ತಿಂಗಳುಗಳ ಬಗ್ಗೆ ಗಾಲಿಬ್ 'ದಸ್ತಂಬೂ' ಅಂತ ಒಂದು ಫಾರಸಿ ಪುಸ್ತಕವನ್ನೂ ಬರೆದ. 1858ರ ನವೆಂಬರಿನಲ್ಲಿ ಆಗ್ರಾದಲ್ಲಿ ಅಚ್ಚಾಯಿತು. ಅಚ್ಚಿನ ಕೆಲಸಕ್ಕೆ ಓಡಾಡಿದವರಲ್ಲಿ ತಫ್ತಾನೂ ಇದ್ದ. ಅದರ ಉದ್ದೇಶ ಗುಟ್ಟಲ್ಲ: ನಾನು ದಂಗೆಯವರ ಜೊತೆ ಇರಲಿಲ್ಲ, ಪಿಂಚಣಿ ಕೊಡಿ ಅಂತ ಇಂಗ್ಲಿಷರಿಗೆ ತೋರಿಸಬೇಕಿತ್ತು. ಈ ಪುಸ್ತಕ, ಆ ಕಾಗದ ಎರಡನ್ನೂ ಪಕ್ಕದಲ್ಲಿಟ್ಟು ಓದಿದರೆ, ದೊರೆಗಳಿಗೆ ಬರೆಯುವಾಗ ಒಬ್ಬ ಏನನ್ನು ನುಂಗುತ್ತಾನೆ, ಗೆಳೆಯನಿಗೆ ಬರೆಯುವಾಗ ಏನನ್ನು ಬಿಚ್ಚಿಡುತ್ತಾನೆ ಅಂತ ಕಾಣುತ್ತದೆ. ನನಗಂತೂ ದಸ್ತಂಬೂ ಓದುವಾಗ ಸ್ವಲ್ಪ ಮುಜುಗರವೇ ಆಗುತ್ತದೆ. ಅರವತ್ತು ದಾಟಿದ, ಗಳಿಕೆ ನಿಂತ ಮನುಷ್ಯ ಇನ್ನೇನು ಮಾಡಬೇಕಿತ್ತು ಅನ್ನೋದೂ ಅಷ್ಟೇ ನಿಜ.

ಗಳಿಕೆ ನಿಂತಾಗ ದುಡ್ಡು ಕಳಿಸಿದವರಲ್ಲಿ ತಫ್ತಾನೂ ಒಬ್ಬ. ಒಂದು ಸಲ ನೂರು ರೂಪಾಯಿಯ ಹುಂಡಿ (ದುಡ್ಡು ಕಳಿಸುವ ಚೀಟಿ) ಕಳಿಸಿದ. ಗಾಲಿಬ್ ಕೊಟ್ಟ ಲೆಕ್ಕ ನೋಡಿ. ದಾರೋಗನ (ಮೇಲ್ವಿಚಾರಕನ) ಕೈಯಲ್ಲಿ ತರಿಸಿದ್ದ ಸಾಲ 24 ರೂಪಾಯಿ ತೀರಿಸಿದೆ. 50 ರೂಪಾಯಿ ಒಳಮನೆಗೆ ಕಳಿಸಿದೆ. ಉಳಿದ 26 ಪೆಟ್ಟಿಗೆಯಲ್ಲಿಟ್ಟೆ. ಆಳು ಕಲ್ಯಾಣ್ ಸಾಮಾನು ತರೋಕೆ ಬಜಾರಿಗೆ ಹೋಗಿದ್ದಾನೆ, ಬೇಗ ಬಂದರೆ ಇವತ್ತೇ, ಇಲ್ಲದಿದ್ದರೆ ನಾಳೆ ಈ ಕಾಗದ ಅಂಚೆಗೆ ಹಾಕಿಸುತ್ತೇನೆ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ. ಕೆಟ್ಟ ಕಾಲ ಬಂದಿದೆ ಭಾಯಿ, ಕೊನೆ ಒಳ್ಳೆಯದು ಅನ್ನಿಸುತ್ತಿಲ್ಲ. ಇಷ್ಟೇ. ದುಡ್ಡು ತಗೊಂಡವನ ಹಲುಬಾಟ ಇಲ್ಲ, ಉಪಕಾರದ ಭಾರ ಇಲ್ಲ. ಪೈಸೆ ಪೈಸೆ ಲೆಕ್ಕ ಒಪ್ಪಿಸೋದೇ ಅವನ ಕೃತಜ್ಞತೆ. ಒಬ್ಬ ದೊಡ್ಡ ಕವಿಯನ್ನು ಇಷ್ಟು ಹತ್ತಿರದಿಂದ, ಪೆಟ್ಟಿಗೆಯೊಳಗಿನ 26 ರೂಪಾಯಿಯ ಸಮೇತ ನೋಡುವುದು ಗಜಲ್‌ನಲ್ಲಿ ಸಾಧ್ಯವಿಲ್ಲ.

ಗಾಲಿಬ್ ಒಳ್ಳೆಯವನು ಅಂತ ಸಾಬೀತು ಮಾಡೋಕೆ ನಾನು ಈ ಪತ್ರ ಓದಿ ಅನ್ನುತ್ತಿಲ್ಲ. ಉಮ್ರಾವ್ ಸಿಂಗ್ ಅನ್ನುವವನ ಎರಡನೇ ಹೆಂಡತಿ ತೀರಿಕೊಂಡ ಸುದ್ದಿ ತಫ್ತಾ ಬರೆದಾಗ ಇವನ ಉತ್ತರ ಏನು ಗೊತ್ತಾ? ಅವನನ್ನು ನೆನೆದರೆ ಅವನ ಮೇಲೆ ಕರುಣೆ, ನನ್ನನ್ನು ನೆನೆದರೆ ಹೊಟ್ಟೆಕಿಚ್ಚು. ಅವನ ಬೇಡಿ ಎರಡೆರಡು ಸಲ ಕಳಚಿತು. ನನ್ನ ಕೊರಳಿಗೆ ಐವತ್ತೊಂದು ವರ್ಷದಿಂದ ನೇಣು ಬಿದ್ದಿದೆ, ಹಗ್ಗವೂ ಹರಿಯಲ್ಲ, ಜೀವವೂ ಹೋಗಲ್ಲ. ಈ ಮಾತನ್ನು ಬಹಳ ಜನ ನಕ್ಕು ಹೇಳುತ್ತಾರೆ. ನನಗೆ ನಗು ಪೂರ್ತಿ ಬರಲ್ಲ. ಹದಿಮೂರಕ್ಕೆ ಕಟ್ಟಿಕೊಂಡ ಹೆಂಡತಿ ಉಮ್ರಾವ್ ಬೇಗಂ ಹೆತ್ತ ಏಳು ಮಕ್ಕಳಲ್ಲಿ ಒಂದೂ ಉಳಿಯಲಿಲ್ಲ. ಮಗನಂತಿದ್ದ, ಆಕೆಯ ಸೋದರಿಯ ಮಗ ಆರಿಫ್ ಕೂಡ ಹೋದ. ಅವನ ಇಬ್ಬರು ಗಂಡುಮಕ್ಕಳನ್ನು ಈ 'ನೇಣಿನ' ಜೊತೆಗೇ ಗಾಲಿಬ್ ಸಾಕುತ್ತಿದ್ದ. ಆಕೆ ಯಾರಿಗಾದರೂ ಕಾಗದ ಬರೆದಿದ್ದರೆ ಏನು ಬರೆಯುತ್ತಿದ್ದಳೋ.

ಗುರುವಾಗಿಯೂ ಕಟುವೇ. ತಫ್ತಾನ ದಿವಾನ್‌ಗೆ ಮುನ್ನುಡಿ ಬರೆದ, ಹೊಗಳಿಕೆ ಸಾಲದು ಅಂತ ಶಿಷ್ಯ ಗೊಣಗಿದ. ಭಟ್ಟಂಗಿಗಳ ಹಾಗೆ ಬಡಬಡಿಸೋಕೆ ನನಗೆ ಬರಲ್ಲ ಅಂತ ಗುರು ಹೇಳಿಬಿಟ್ಟ. ಆಮೇಲೆ ತಫ್ತಾ ಸ್ವಂತ ಖರ್ಚಿನಲ್ಲಿ 'ಸುಂಬುಲಿಸ್ತಾನ್' ಅನ್ನುವ ತನ್ನ ಕವಿತೆಯ ಪುಸ್ತಕ ಅಚ್ಚು ಮಾಡಿಸಿ ಕಳಿಸಿದಾಗ, ದುಡ್ಡೂ ಕಳೆದಿರಿ, ನಿಮ್ಮ ಕವಿತೆಯನ್ನೂ ನನ್ನ ತಿದ್ದುಪಡಿಯನ್ನೂ ಮುಳುಗಿಸಿದಿರಿ ಅಂದ. ಕವಿತೆ ಚೆನ್ನಾಗಿದೆ, ಅಚ್ಚು ಹಾಳಾಗಿದೆ ಅನ್ನೋದಕ್ಕೆ ಅವನು ಕೊಟ್ಟ ಹೋಲಿಕೆ ಮಾತ್ರ ಮೈ ಜುಮ್ ಅನ್ನಿಸುತ್ತದೆ. ನೀವು ಇಲ್ಲಿದ್ದು ಕೆಂಪುಕೋಟೆಯ ಬೇಗಂಗಳು ಓಡಾಡೋದನ್ನು ನೋಡಿದ್ದರೆ ಗೊತ್ತಾಗುತ್ತಿತ್ತು, ಮುಖ ಹುಣ್ಣಿಮೆ ಚಂದ್ರ, ಬಟ್ಟೆ ಕೊಳಕು, ಪೈಜಾಮದ ಅಂಚು ಚಿಂದಿ, ಚಪ್ಪಲಿ ಹರಿದದ್ದು. ಅಚ್ಚಿನ ದೂರು ಹೇಳೋಕೆ ಹೋಗಿ, ಬೀದಿಗೆ ಬಿದ್ದ ಇಡೀ ಮೊಘಲ್ ಮನೆತನವನ್ನು ಒಂದು ವಾಕ್ಯದಲ್ಲಿ ನಿಲ್ಲಿಸಿಬಿಟ್ಟ.

ಕೆಲವರು ಇನ್ನೊಂದು ಕೇಳುತ್ತಾರೆ: ಇನ್ನೊಬ್ಬರ ಖಾಸಗಿ ಕಾಗದ ಓದೋದು ಸರಿಯಾ? ಗಾಲಿಬ್‌ಗೂ ಮೊದಲು ಇಷ್ಟವಿರಲಿಲ್ಲ. 1858ರ ನವೆಂಬರಿನಲ್ಲಿ ತಫ್ತಾ ಮತ್ತು ಆಗ್ರಾದ ಮುದ್ರಕ ಶಿವನಾರಾಯಣ್ ಇವನ್ನು ಅಚ್ಚು ಹಾಕೋಣ ಅಂದಾಗ ಬೇಡ ಅಂದ. ಮಕ್ಕಳ ಹಾಗೆ ಹಟ ಮಾಡಬೇಡಿ ಅಂತ ತಫ್ತಾನನ್ನು ಗದರಿಸಿ, ನಿಮಗೆ ಅದರಲ್ಲೇ ಖುಷಿ ಅಂದರೆ ನನ್ನನ್ನು ಕೇಳಬೇಡಿ, ನಿಮ್ಮಿಷ್ಟ ಅಂತ ಬಾಗಿಲನ್ನು ಸ್ವಲ್ಪ ತೆರೆದೂ ಇಟ್ಟ. ಕೆಲವು ವರ್ಷದ ಮೇಲೆ ಮನಸ್ಸು ಬದಲಾಯಿಸಿದ. ಪತ್ರಗಳ ಮೊದಲ ಸಂಕಲನ 'ಊದ್-ಎ-ಹಿಂದಿ' 1868ರಲ್ಲಿ ಬಂತು. ಎರಡನೆಯದು 'ಉರ್ದು-ಎ-ಮುಅಲ್ಲಾ' ಬಂದದ್ದು 1869ರ ಮಾರ್ಚಿನಲ್ಲಿ, ಅವನು ತೀರಿಕೊಂಡು ಕೆಲವೇ ವಾರಕ್ಕೆ. ಹಾಗಾಗಿ ನನಗೆ ತಪ್ಪು ಮಾಡುತ್ತಿದ್ದೇನೆ ಅನ್ನಿಸಲ್ಲ. ಆದರೆ ಕೊನೆಯ ವರ್ಷಗಳ ಕೆಲವು ಪತ್ರಗಳಲ್ಲಿ, ಇದನ್ನು ನಾಳೆ ಇನ್ಯಾರೋ ಓದುತ್ತಾರೆ ಅಂತ ಗೊತ್ತಿದ್ದೇ ಬರೆದ ಠೀವಿ ಕಾಣುತ್ತದೆ. ಅದಕ್ಕೇ 1857, 58ರ ಕಾಗದಗಳನ್ನು ಮೊದಲು ಓದಿ ಅನ್ನೋದು.

ಹಿಂದಿ ಓದಲು ಬಂದರೆ ದೇವನಾಗರಿಯಲ್ಲಿ ಸಿಕ್ಕಿದ್ದನ್ನು ತಗೊಳ್ಳಿ. ಭಾಷೆ ಅಷ್ಟು ಸಲೀಸಾಗಿದೆ, ಫಾರಸಿ ಪದ ಅಡ್ಡ ಬಂದರೆ ದಾಟಿಕೊಂಡು ಹೋಗಿ. ಇಂಗ್ಲಿಷಾದರೆ ರಾಲ್ಫ್ ರಸೆಲ್ ಮತ್ತು ಖುರ್ಷಿದುಲ್ ಇಸ್ಲಾಂ 1969ರಲ್ಲಿ ಮಾಡಿದ ಅನುವಾದವಿದೆ. ಒಂದು ಮಾತು ನೆನಪಿರಲಿ: ಈ ಪುಸ್ತಕಗಳಲ್ಲಿರೋದು ಗಾಲಿಬ್‌ನ ಮಾತು ಮಾತ್ರ. ತಫ್ತಾ ಏನು ಬರೆದ ಅನ್ನೋದನ್ನು ಉತ್ತರದಿಂದಲೇ ಊಹಿಸಿಕೊಳ್ಳಬೇಕು. ಫಾರಸಿ ವ್ಯಾಕರಣದ ಜಗಳ ಇರುವ ಪತ್ರಗಳನ್ನು ಮೊದಲ ಸಲಕ್ಕೆ ಧಾರಾಳವಾಗಿ ಬಿಟ್ಟುಬಿಡಿ. ಅವು ಬಹಳ ಇವೆ, ತಫ್ತಾ ಅಷ್ಟೊಂದು ಬರೆಯುತ್ತಿದ್ದ.