ಹೊಟ್ಟೆಯ ಗೋಡೆಯಲ್ಲೊಂದು ಬಾಗಿಲು

ರೋಬಾಟ್ ಶಸ್ತ್ರಚಿಕಿತ್ಸೆ ಎಂದಾಗ ಎಲ್ಲರ ಕಣ್ಣು ಯಂತ್ರದ ತೋಳುಗಳ ಮೇಲೆ. ನಾನು ವಿನ್ಯಾಸ ಮಾಡುವುದು ಆ ತೋಳು ಹಿಡಿದ ಉಪಕರಣ ಒಳಹೋಗುವ ಕೊಳವೆಯನ್ನು, ಅಂದರೆ ಕ್ಯಾನ್ಯುಲಾವನ್ನು. ‘ಡಾ ವಿಂಚಿ’ ಎಂಬ ಶಸ್ತ್ರಚಿಕಿತ್ಸಾ ರೋಬಾಟ್‌ನಲ್ಲಿ ಅದು ಸಾಮಾನ್ಯವಾಗಿ 8 ಮಿಲಿಮೀಟರ್ ವ್ಯಾಸದ್ದು.

ಅದರ ಮೇಲಿನ ದಪ್ಪ ಕಪ್ಪು ಪಟ್ಟಿ ಹೊಟ್ಟೆಯ ಗೋಡೆಯೊಳಗೆ ಸರಿಯಾಗಿ ಕೂರಬೇಕು. ತೋಳು ಎತ್ತ ವಾಲಿದರೂ ತಿರುಗುವುದು ಆ ಬಿಂದುವಿನ ಸುತ್ತಲೇ. ಪಟ್ಟಿ ಜಾಗ ತಪ್ಪಿದರೆ ಪ್ರತಿ ಚಲನೆಯೂ ಸ್ನಾಯುವನ್ನು ಎಳೆಯುತ್ತದೆ. ತೋಳುಗಳನ್ನು ದೂರದಿಂದ ನಡೆಸುವ ಕನ್ಸೋಲ್‌ನಲ್ಲಿ ಕುಳಿತ ವೈದ್ಯರ ಕೈಗೆ ಆ ಎಳೆತ ತಿಳಿಯುವುದು ಕಷ್ಟ. ರೋಗಿಗೆ ಎಚ್ಚರವಾದ ಮೇಲೆ ನೋವಾಗಿ ತಿಳಿಯುತ್ತದೆ. ನನ್ನನ್ನು ಕಾಡುವುದು ಇದೇ.

ಇನ್ನು ಸೀಲ್, ಅಂದರೆ ಕೊಳವೆಯೊಳಗೆ ಉಪಕರಣವನ್ನು ಸುತ್ತಿ ಹಿಡಿದು ಅನಿಲ ಹೊರಹೋಗದಂತೆ ತಡೆಯುವ ಭಾಗ. ಹೊಟ್ಟೆಯೊಳಗೆ ಜಾಗ ಮಾಡಲು ಇಂಗಾಲದ ಡೈಆಕ್ಸೈಡನ್ನು ಸುಮಾರು 12ರಿಂದ 15 ಮಿ.ಮೀ. ಪಾದರಸದ ಒತ್ತಡದಲ್ಲಿ ತುಂಬುತ್ತಾರೆ. ಸೀಲ್‌ನ ಸಿಲಿಕೋನ್ ತುಟಿ ಸಡಿಲವಾದರೆ ಅನಿಲ ಸೋರುತ್ತದೆ, ಬಿಗಿಯಾದರೆ ರಕ್ತ ಮೆತ್ತಿದ ಉಪಕರಣ ಹೊರಬರುವಾಗ ಕೊಳವೆಯನ್ನೂ ಎಳೆದು ತರುತ್ತದೆ. ಗಣಕದ ಚಿತ್ರದಲ್ಲಿ ಈ ಜಗಳ ಕಾಣುವುದಿಲ್ಲ. ಒದ್ದೆ ಮಾದರಿಯನ್ನು ಕೈಯಲ್ಲಿ ಹಿಡಿದೇ ನೋಡಬೇಕು.

ಪೀಣ್ಯದಲ್ಲಿ ನಮಗೆ ಲೇತ್ ಕೆಲಸ ಮಾಡಿಕೊಡುವ ಹಿರಿಯರು ಕೊಳವೆಯ ಬಾಯಿಗೆ ಹತ್ತಿ ಸವರಿ ನೋಡುತ್ತಾರೆ. ಒಂದು ಎಳೆ ಸಿಕ್ಕಿಕೊಂಡರೂ, “ಇದು ಒಳಗೆ ಹೋಗುವ ವಸ್ತು ಸಾರ್, ಬಿಡಿ, ಇನ್ನೊಮ್ಮೆ ಮಾಡುತ್ತೇನೆ” ಎನ್ನುತ್ತಾರೆ. ಅವರ ಬೆರಳನ್ನು ನಾನು ಅಳತೆಯ ಯಂತ್ರದಷ್ಟೇ ನಂಬುತ್ತೇನೆ. ಸೀಲ್‌ನ ಹೊಸ ಅಚ್ಚನ್ನೂ ಮೊದಲು ಅವರಿಗೇ ತೋರಿಸಲಿದ್ದೇನೆ.