ಪೂಜೆಗೆ ಟೈಮ್ ಎಲ್ಲಿಂದ ತರ್ತೀರಾ?

ಆಫೀಸಿನ ಕ್ಯಾಂಟೀನಿನಲ್ಲಿ ಕೇಳುತ್ತಾರೆ, ಮದುವೆ ಊಟದ ಪಂಕ್ತಿಯಲ್ಲಿ ಕೇಳುತ್ತಾರೆ. "ಎರಡು ಮಕ್ಕಳು, ಕೆಲಸ, ಮೇಲೆ ಈ ಬೆಂಗಳೂರು ಟ್ರಾಫಿಕ್ಕು. ದಿನಾ ಲಿಂಗಪೂಜೆಗೆ ಟೈಮ್ ಎಲ್ಲಿಂದ ತರ್ತೀರಾ?"

ನಾನು ತರುವುದಿಲ್ಲ. ನನ್ನ ಚಹಾ ತರುತ್ತದೆ.

ಧಾರವಾಡದ ಕಡೆ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಕಾನೂನು. ನಾವು ಲಿಂಗಾಯತರು; ಮೈಮೇಲೆ ಧರಿಸುವ ಇಷ್ಟಲಿಂಗದ ಪೂಜೆ ಆಗದೆ ಬಾಯಿಗೆ ಏನೂ ಹಾಕುವಂತಿಲ್ಲ. ಅಜ್ಜಿ ಒಲೆಯ ಮುಂದೆ ಕೂತು, ತಲೆ ಎತ್ತದೆ ಕೇಳುತ್ತಿದ್ದರು: "ಪೂಜಿ ಆತೇನ? ಹಂಗಾರ ಚಾ ತಗೋ." ಆಗಿಲ್ಲ ಅಂದರೆ ಬೈಗುಳವೂ ಇಲ್ಲ, ಚಾನೂ ಇಲ್ಲ. ಆ ಕಾನೂನನ್ನು ಹಾಸ್ಟೆಲ್ಲಿಗೆ ಹೋದ ಮೊದಲ ವಾರವೇ ಬಿಟ್ಟೆ. ಆಮೇಲೆ ಹನ್ನೆರಡು ವರ್ಷ ಪೂಜೆಯೂ ಇಲ್ಲ, ಏನೂ ಇಲ್ಲ.

ಮತ್ತೆ ಶುರು ಮಾಡಿದಾಗ ಎಲ್ಲರ ಹಾಗೆ ನಾನೂ ದೊಡ್ಡದಾಗಿ ಶುರು ಮಾಡಿದೆ. ಬ್ರಾಹ್ಮೀ ಮುಹೂರ್ತ ಅಂತ ನಾಲ್ಕೂವರೆಗೆ ಅಲಾರಂ. ಹೊಸ ಮಣೆ. ಫೋನಿನಲ್ಲಿ ದಿನ ಎಣಿಸುವ ಒಂದು ಆ್ಯಪ್. ಹನ್ನೊಂದು ದಿನ ನಡೆಯಿತು. ಹನ್ನೆರಡನೇ ದಿನ ಚಿಕ್ಕವನಿಗೆ ಜ್ವರ. ಆ್ಯಪಿನಲ್ಲಿ ಲೆಕ್ಕ ಮತ್ತೆ ಸೊನ್ನೆಗೆ ಬಂದು ನಿಂತಾಗ ಎಷ್ಟು ಸಿಟ್ಟು ಬಂತು ಅಂದರೆ, ಪೂಜೆಯನ್ನೂ ಬಿಟ್ಟೆ, ಆ್ಯಪನ್ನೂ ಅಳಿಸಿದೆ. ಆರು ತಿಂಗಳಾದ ಮೇಲೆ ಅಜ್ಜಿಯ ಕಾನೂನು ನೆನಪಾಯಿತು. ನನಗೆ ಪೂಜೆ ಮರೆಯಬಹುದು, ಚಹಾ ಯಾವತ್ತೂ ಮರೆತಿಲ್ಲ. ಹಾಗಾಗಿ ಒಂದನ್ನು ಇನ್ನೊಂದರ ಬಾಲಕ್ಕೆ ಕಟ್ಟಿದೆ.

ಈಗ ಮಾಡುವುದು ಇಷ್ಟೇ. ಸ್ನಾನ, ಹಣೆಗೆ ವಿಭೂತಿ. ಕರಡಿಗೆಯಿಂದ, ಅಂದರೆ ಲಿಂಗ ಇಡುವ ಪುಟ್ಟ ಡಬ್ಬಿಯಿಂದ, ಲಿಂಗ ತೆಗೆದು ಎಡ ಅಂಗೈ ಮೇಲೆ ಇಟ್ಟುಕೊಂಡು ನಾಲ್ಕು ಹನಿ ನೀರು, ಒಂದು ಪತ್ರೆ. ಪತ್ರೆ ಇಲ್ಲದಿದ್ದರೆ ಬಾಲ್ಕನಿಯ ದಾಸವಾಳ. ಆಮೇಲೆ ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಸುಮ್ನೆ ನೋಡುವುದು. ನನ್ನ ಬೆನ್ನ ಹಿಂದೆ ದೀಪ ಇದ್ದರೆ, ಲಿಂಗದ ಕಪ್ಪು ಮೈಮೇಲೆ ಸಾಸಿವೆಯಷ್ಟು ಬೆಳಕು ಕೂತಿರುತ್ತದೆ. ಅಂಗೈ ಸ್ವಲ್ಪ ಅಲುಗಿದರೂ ಅದು ಜಾರುತ್ತದೆ. ಮೂರು ನಿಮಿಷಕ್ಕೆ ಮೊಣಕೈ ನಡುಗಲು ಶುರುವಾಗುತ್ತದೆ, ಬೆಳಕೂ ನಡುಗುತ್ತದೆ. ಬಲಗೈಯಲ್ಲಿ ಜಪದ ಲೆಕ್ಕ: ನಾಲ್ಕು ಬೆರಳು, ಬೆರಳಿಗೆ ಮೂರು ಗೆಣ್ಣು, ಒಂದು ಸುತ್ತಿಗೆ 12. ಒಂಬತ್ತು ಸುತ್ತಾದರೆ 108. ಅವಸರವಿಲ್ಲದೆ ಹೇಳಿದರೂ ಐದಾರು ನಿಮಿಷ. ಒಟ್ಟು ಹದಿನೈದು ನಿಮಿಷದ ಕೆಲಸ.

ಇದರಲ್ಲಿ ಎರಡು ಅನುಕೂಲ ಇದೆ, ಒಪ್ಪಿಕೊಳ್ಳಬೇಕು. ಲಿಂಗ ಮೈಮೇಲೇ ಇರುತ್ತದೆ, ದೇವರಮನೆ ಬೇಕಿಲ್ಲ. ಹುಬ್ಬಳ್ಳಿ ರೈಲಿನ ಸೈಡ್ ಬರ್ತಿನಲ್ಲಿ ಬಾಟಲಿ ನೀರಲ್ಲಿ ಪೂಜೆ ಮಾಡಿದ್ದೇನೆ. ಎರಡನೆಯದು ಹೆಂಗಸರಿಗೆ ಗೊತ್ತಾಗುವ ವಿಷಯ. ನಮ್ಮ ಶರಣರು ಸೂತಕ ಒಪ್ಪಲಿಲ್ಲ. ಮುಟ್ಟಿನ ದಿನಗಳಲ್ಲೂ ಅಜ್ಜಿ ಪೂಜೆ ನಿಲ್ಲಿಸಿದ್ದನ್ನು ನಾನು ಕೇಳಿಲ್ಲ. ಪ್ರತಿ ತಿಂಗಳು ನಾಲ್ಕು ದಿನ ಬಿಡಲೇಬೇಕು ಅಂದಿದ್ದರೆ ನನ್ನಂಥ ಸೋಮಾರಿ ಐದನೇ ದಿನ ಮತ್ತೆ ಕೂರುತ್ತಿದ್ದಳು ಅಂತ ನನಗೇನೂ ನಂಬಿಕೆಯಿಲ್ಲ.

ಎಡವಟ್ಟೂ ಆಗಿದೆ. ಒಮ್ಮೆ ಬೆಳಿಗ್ಗೆಯ ಆಫೀಸ್ ಕಾಲ್ ಬೇಗ ಇತ್ತು. ಮ್ಯೂಟ್ ಮಾಡಿ ಪಕ್ಕದಲ್ಲಿಟ್ಟರಾಯಿತು ಅಂದುಕೊಂಡೆ. ಅಂಗೈಯಲ್ಲಿ ಲಿಂಗ, ಬಲಗೈಯಲ್ಲಿ ಏಳನೇ ಸುತ್ತು, ಅಷ್ಟರಲ್ಲಿ ನನ್ನ ಹೆಸರು ಕೂಗಿದರು. ಮ್ಯೂಟ್ ತೆಗೆಯಲು ಬಗ್ಗಿದಾಗ ಎಡಗೈ ವಾಲಿತು. ಲಿಂಗ ಬೀಳಲಿಲ್ಲ, ಎದೆಗೆ ಒತ್ತಿ ಹಿಡಿದೆ. ಆದರೆ ನೀರು, ಪತ್ರೆ ಎಲ್ಲ ಲ್ಯಾಪ್‌ಟಾಪ್ ಮೇಲೆ. ಅವತ್ತಿನಿಂದ ಕಾಲ್ ಇದ್ದರೆ ಪೂಜೆ ಮುಂಚೆ, ಇಲ್ಲವೇ ಆಮೇಲೆ. ಆಮೇಲೆ ಅಂದರೆ ಚಹಾನೂ ಆಮೇಲೆಯೇ. ಆ ದಿನ ಮನೆಯವರು ನನ್ನ ತಂಟೆಗೆ ಬರುವುದಿಲ್ಲ.

ನನ್ನ ಸೋದರಮಾವನ ಮಗ ಒಬ್ಬನಿದ್ದಾನೆ. ಅವನ ಹತ್ತಿರ ಒಂದು ರೆಡಿ ಉತ್ತರ. "ಕಾಯಕದಾಗ ಮುಳುಗಿದ್ರ ಲಿಂಗಪೂಜಿನೂ ಮರೀಬೇಕು ಅಂತ ಆಯ್ದಕ್ಕಿ ಮಾರಯ್ಯನೇ ಹೇಳ್ಯಾನಲ್ಲ ಅಕ್ಕಾ!" ಹೇಳಿದ್ದು ನಿಜ. ಕಾಯಕವೇ ಕೈಲಾಸ ಅನ್ನುವ ಮಾತು ಬರುವುದೂ ಆ ವಚನದಲ್ಲೇ. ಆದರೆ 12ನೇ ಶತಮಾನದ ಆ ಮನುಷ್ಯ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ದಾಸೋಹ ಮಾಡುತ್ತಿದ್ದವನು. ನಾವು ಬೆಳಿಗ್ಗೆ ಆರೂವರೆಗೆ ಹಾಸಿಗೆಯಲ್ಲಿ ಮುಳುಗಿರುವುದು ಕಾಯಕದಲ್ಲಲ್ಲ, ರೀಲ್ಸ್‌ನಲ್ಲಿ ಅಲ್ವಾ? ಅವನಿಗೆ ಇದನ್ನೇ ಹೇಳಿದೆ. ನಕ್ಕ. ಪೂಜೆ ಶುರು ಮಾಡಿಲ್ಲ.

ಇದಾದ ಮೇಲೆ ಎಲ್ಲರೂ ಕೇಳುವ ಇನ್ನೊಂದು ಪ್ರಶ್ನೆ: "ಮನಸ್ಸು ನಿಲ್ಲುತ್ತಾ?" ಹೆಚ್ಚಿನ ದಿನ ಇಲ್ಲ. ಐದನೇ ಸುತ್ತಿಗೆ ಗ್ಯಾಸ್ ಬುಕ್ ಮಾಡಿದೆನಾ ಅಂತ ನೆನಪಾಗುತ್ತದೆ. ಕೆಲವು ದಿನ, ಬೆಳಕಿನ ಆ ಚುಕ್ಕೆ ಅಲುಗದೆ ನಿಂತಾಗ, ಸ್ವಲ್ಪ ಹೊತ್ತು ಲೆಕ್ಕವೇ ಬೇಕೆನಿಸುವುದಿಲ್ಲ. ಅದು ಯಾವ ದಿನ ಬರುತ್ತದೆ ಅಂತ ಹೇಳೋಕೆ ಆಗಲ್ಲ.

ನಿನ್ನೆ ಆರನೇ ಸುತ್ತೋ ಏಳನೆಯದೋ ಗೊತ್ತಾಗದೆ ಹೋಯಿತು. ಅಡುಗೆಮನೆಯಿಂದ ಶುಂಠಿ ಜಜ್ಜುವ ಸದ್ದು ಕೇಳುತ್ತಿತ್ತು. ಆರು ಅಂತಲೇ ಇಟ್ಟುಕೊಂಡು ಮುಗಿಸಿದೆ.