ದ್ಯಾಲು ಮಾರೆಯಲ್ಲೊಂದು ಶುಕ್ರವಾರ

ಸೆಪ್ಟೆಂಬರ್ 27, 2024, ಶುಕ್ರವಾರ, ರಾತ್ರಿ
ದ್ಯಾಲು ಮಾರೆ, ರೊಮೇನಿಯಾ

ಹೊಟ್ಟೆಗೆ ಏನು ಮಾಡುತ್ತೀರಿ ಎಂದು ಹಾಸನದಿಂದ ಅತ್ತಿಗೆ ಇವತ್ತೂ ಫೋನ್ ಮಾಡಿದ್ದರು. ಮೊದಲು ಅವರಿಗೆ ಲೆಕ್ಕ ಒಪ್ಪಿಸಿಬಿಡುತ್ತೇನೆ, ಆಮೇಲೆ ಉಳಿದದ್ದು.

ಈ ದೇಶದಲ್ಲಿ ಹಂದಿಮಾಂಸವಿಲ್ಲದೆ ಎಲೆ ಹಾಕುವುದಿಲ್ಲ ಎಂದು ಮಗಳು ಹೆದರಿಸಿ ಕಳಿಸಿದ್ದಳು. ಅದು ಸುಳ್ಳಲ್ಲ. ಕೋಸಿನ ಎಲೆಯಲ್ಲಿ ಅಕ್ಕಿಯ ಜೊತೆ ಮಾಂಸ, ಸೂಪಿನಲ್ಲಿ ಮಾಂಸ, ಬೀದಿಬದಿಯ ಕೆಂಡದ ಮೇಲೆ ಬೆರಳುಗಾತ್ರದ ಮಾಂಸದ ಉಂಡೆಗಳ ಹೊಗೆ. ಆದರೆ ಇಲ್ಲಿಯ ಆರ್ಥೊಡಾಕ್ಸ್ ಕ್ರೈಸ್ತರಲ್ಲಿ ಬುಧವಾರ, ಶುಕ್ರವಾರ ವ್ರತ ಹಿಡಿಯುವ ಪದ್ಧತಿಯಿದೆ. ಈಸ್ಟರ್ ಮತ್ತು ಕ್ರಿಸ್‌ಮಸ್‌ಗೆ ಮುಂಚೆ ವಾರಗಟ್ಟಲೆ. ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಯಾವುದೂ ಸೋಕಬಾರದು. ನಾನು ಸಸ್ಯಾಹಾರಿ ಎಂದರೆ "ಕೋಳಿ ಆಗಬಹುದಲ್ಲವೇ?" ಎಂದು ಕೇಳುವವರು, ‘ದೆ ಪೋಸ್ತ್’ ಎಂದು ವ್ರತದ ಹೆಸರು ಹೇಳಿದರೆ ಮರುಮಾತಿಲ್ಲದೆ ಒಳಗೆ ಹೋಗುತ್ತಾರೆ. ಎಲ್ಲ ದೇಶದಲ್ಲೂ ಅಡುಗೆಯವರು ದೇವರಿಗೆ ಮಾತ್ರ ಹೆದರುವುದು ಎಂದು ಕಾಣುತ್ತದೆ.

ಹಾಗೆ ಹೋದವರು ಇವತ್ತು ಮಧ್ಯಾಹ್ನ ತಂದಿಟ್ಟದ್ದು ಬೆಳ್ಳುಳ್ಳಿ ಹಾಕಿ ನುಣ್ಣಗೆ ಮಸೆದ ಬಿಳಿ ಬೀನ್ಸ್ ಕಾಳು, ಮೇಲೆ ಎಣ್ಣೆಯಲ್ಲಿ ಕೆಂಪಗೆ ಹುರಿದ ಈರುಳ್ಳಿ. ಪಕ್ಕದಲ್ಲಿ ಝಕುಸ್ಕ. ಬದನೆಕಾಯಿ ಮತ್ತು ಕೆಂಪು ದಪ್ಪಮೆಣಸಿನಕಾಯಿಯನ್ನು ಸುಟ್ಟು, ಸಿಪ್ಪೆ ತೆಗೆದು, ಟೊಮೆಟೊ ಈರುಳ್ಳಿಯೊಡನೆ ಎಣ್ಣೆಯಲ್ಲಿ ಗಂಟೆಗಟ್ಟಲೆ ಬಾಡಿಸಿ ಚಳಿಗಾಲಕ್ಕೆಂದು ಶೀಸೆಗಳಲ್ಲಿ ತುಂಬಿಡುತ್ತಾರೆ. ಈಗ ಅದನ್ನು ಮಾಡುವ ಕಾಲ. ದಾರಿಯುದ್ದಕ್ಕೂ ಹಿತ್ತಿಲುಗಳಿಂದ ಮೆಣಸಿನಕಾಯಿ ಸುಡುವ ವಾಸನೆ ಬಸ್ಸಿನೊಳಕ್ಕೇ ಬರುತ್ತಿತ್ತು.

ಮತ್ತೆ ಮಮಲಿಗ. ಅತ್ತಿಗೆ, ಇದು ಮುಸುಕಿನ ಜೋಳದ ಮುದ್ದೆ, ಅಷ್ಟೇ. ಕುದಿಯುವ ನೀರಿಗೆ ಹಿಟ್ಟು ಬಿಟ್ಟು ಕೋಲಿನಿಂದ ತಿರುವುವುದೂ ನಮ್ಮ ಹಾಗೆಯೇ. ಆದರೆ ಉಂಡೆ ಕಟ್ಟುವುದಿಲ್ಲ. ದುಂಡು ಮಣೆಯ ಮೇಲೆ ಇಡೀ ಪಾತ್ರೆಯನ್ನು ಬೋರಲು ಹಾಕುತ್ತಾರೆ, ಹಳದಿ ಗುಡ್ಡ ಹಬೆಯಾಡುತ್ತಾ ಕೂರುತ್ತದೆ. ಇಲ್ಲಿಯ ಅಡುಗೆಯಾಕೆ ಒಂದು ದಾರವನ್ನು ಅದರ ಅಡಿಗೆ ತೂರಿಸಿ, ಎರಡೂ ತುದಿ ಹಿಡಿದು ಮೇಲಕ್ಕೆಳೆದು ಹೋಳು ಮಾಡಿದಳು. ಚಾಕು ಮುಟ್ಟಿಸಲೇ ಇಲ್ಲ. ತುರ್ಕರು ಕಪ್ಪವಾಗಿ ಗೋಧಿ ಹೊತ್ತೊಯ್ಯುತ್ತಿದ್ದರು, ಜೋಳವನ್ನು ಕೇಳುತ್ತಿರಲಿಲ್ಲ, ಹಾಗಾಗಿ ಬಡವರಿಗೆ ಇದೇ ಗತಿಯಾಯಿತು ಎಂದು ಗೈಡ್ ಹುಡುಗಿ ಹೇಳಿದಳು. ಅದೊಂದನ್ನೇ ತಿಂದು 19ನೇ ಶತಮಾನದಲ್ಲಿ ಹಳ್ಳಿ ಹಳ್ಳಿಗೆ ಪೆಲಾಗ್ರ ರೋಗ ಹತ್ತಿತು ಎಂಬುದನ್ನು ಹೇಳಲಿಲ್ಲ. ಊಟದ ಹೊತ್ತಿನಲ್ಲಿ ಯಾರು ತಾನೇ ಹೇಳುತ್ತಾರೆ?

ನಮ್ಮ ಯಜಮಾನರು, ಇವರು, ನನ್ನ ವ್ರತದಲ್ಲಿ ಪಾಲುದಾರರಲ್ಲ. ಪಾಪನಾಶ್ ಎಂಬ ಪನೀರಿನಂಥ ಗಿಣ್ಣಿನ ವಡೆ, ಮೇಲೆ ಹುಳಿಗೆನೆ, ಹಣ್ಣಿನ ಜಾಮ್. ಸಕ್ಕರೆ ಕಾಯಿಲೆಯವರು ಒಂದು ಮುಗಿಸಿ ಇನ್ನೊಂದಕ್ಕೆ ಕೈ ಹಾಕಿದರು. ನಾನು ಏನೂ ಹೇಳಲಿಲ್ಲ. ಹೇಳಿ ಸಾಕಾಗಿದೆ.

ಬೆಳಗ್ಗೆ ಬ್ರಾನ್ ಕೋಟೆ. ಅದರ ಬುಡದಲ್ಲಿ ಸಂತೆ ನೆರೆದಿದೆ: ಕೋರೆಹಲ್ಲಿನ ಲೋಟ, ಕೋರೆಹಲ್ಲಿನ ಟೋಪಿ, ರಕ್ತದ ಬಣ್ಣದ ಶರಬತ್ತು. ಡ್ರಾಕುಲಾ ಕಾದಂಬರಿ ಬರೆದ ಬ್ರಾಮ್ ಸ್ಟೋಕರ್ ಈ ದೇಶಕ್ಕೆ ಕಾಲಿಟ್ಟವನೇ ಅಲ್ಲ. 1897ರ ಆ ಪುಸ್ತಕದ ಹೆಸರಿನಲ್ಲಿ ಇವರು ಇವತ್ತಿಗೂ ಲೋಟ ಮಾರುತ್ತಿದ್ದಾರೆ. ನಿಜವಾದ ಬ್ರಾನ್ ಇಷ್ಟು ರಂಜಕವಲ್ಲ. 1377ರಲ್ಲಿ ಹಂಗೇರಿಯ ದೊರೆ ಅಪ್ಪಣೆ ಕೊಟ್ಟ, ಬ್ರಾಶೋವ್ ಊರಿನ ಜರ್ಮನ್ ವರ್ತಕರು ತಮ್ಮ ಖರ್ಚಿನಲ್ಲಿ ಕಟ್ಟಿಕೊಂಡರು. ಘಟ್ಟದ ದಾರಿ ಕಾಯುವುದು, ಹಾದುಹೋಗುವ ಸರಕಿಗೆ ಸುಂಕ ವಸೂಲು ಮಾಡುವುದು, ಇಷ್ಟೇ ಅದರ ಕೆಲಸ. 1920ರಲ್ಲಿ ಊರಿನವರು ಅದನ್ನು ರಾಣಿ ಮರಿಯಾಗೆ ಕಾಣಿಕೆ ಕೊಟ್ಟರು. ವಿಕ್ಟೋರಿಯಾ ರಾಣಿಯ ಮೊಮ್ಮಗಳು ಈಕೆ. ಸತ್ತ ಮೇಲೆ ಈಕೆಯ ಹೃದಯವನ್ನು ಬೇರೆ ತೆಗೆದು ಪೆಟ್ಟಿಗೆಯಲ್ಲಿಟ್ಟರು. ಮೊದಲು ಕಪ್ಪುಸಮುದ್ರದ ದಡದ ಬಾಲ್ಚಿಕ್‌ನಲ್ಲಿತ್ತು. 1940ರಲ್ಲಿ ಆ ಊರು ಬಲ್ಗೇರಿಯಕ್ಕೆ ಹೋದಾಗ ಬ್ರಾನ್‌ಗೆ ಬಂತು, ಕಮ್ಯುನಿಸ್ಟರ ಕಾಲದಲ್ಲಿ ಬುಕಾರೆಸ್ಟ್‌ನ ಮ್ಯೂಸಿಯಮ್ಮಿಗೆ ಹೋಯಿತು, 2015ರಲ್ಲಿ ಆಕೆ ಪ್ರಾಣಬಿಟ್ಟ ಪೆಲಿಶೋರ್ ಅರಮನೆಗೆ ಮರಳಿತು. ಬದುಕಿದ್ದಾಗಲೂ ಇಷ್ಟು ಅಲೆದಿದ್ದಳೋ ಇಲ್ಲವೋ. ಅಂಗಡಿಗಳಲ್ಲಿ ಅವಳದೊಂದು ಲೋಟವೂ ಕಾಣಲಿಲ್ಲ.

ಒಂದನೇ ಮಹಡಿಯಿಂದ ಮೂರನೆಯದಕ್ಕೆ ಗೋಡೆಯೊಳಗೇ ಒಂದು ಗುಟ್ಟಿನ ಮೆಟ್ಟಿಲಿದೆ. ನನ್ನ ಮಂಡಿಗಳು ಅದನ್ನು ಹತ್ತಿದವು ಎಂದಷ್ಟೇ ದಾಖಲಿಸುತ್ತೇನೆ.

ಮಧ್ಯಾಹ್ನ ಸಿನಾಯಾದಲ್ಲಿ ಪೆಲೆಶ್ ಅರಮನೆ. ಜರ್ಮನಿಯಿಂದ ಬಂದು ಇಲ್ಲಿಯ ರಾಜನಾದ ಮೊದಲನೆಯ ಕಾರೊಲ್ 1875ರಲ್ಲಿ ಅಡಿಗಲ್ಲು ಹಾಕಿ, 1883ರಲ್ಲಿ ಗೃಹಪ್ರವೇಶ ಮಾಡಿದ್ದು. ಕೊರೆದ ಮರ, ಬಣ್ಣದ ಗಾಜು, ನಾಲ್ಕು ಸಾವಿರ ಆಯುಧಗಳು, ಆ ಕಾಲಕ್ಕೇ ವಿದ್ಯುತ್ತು. ನಡುಮನೆಯ ಗಾಜಿನ ಚಾವಣಿ ಸರಿದು ಆಕಾಶ ಕಾಣುತ್ತದಂತೆ. ನನಗೆ ಮೂರು ಕೋಣೆಗೇ ಕಣ್ಣು ದಣಿಯಿತು. ಆದರೆ ಗೈಡ್ ಹುಡುಗಿ ಹೇಳಿದ ಒಂದು ಮಾತು ಕಿವಿಯಲ್ಲಿ ಉಳಿಯಿತು. ಕಾರೊಲ್‌ನ ರಾಣಿ ಎಲಿಸಬೆತಾ ಕವಿತೆ ಬರೆಯುತ್ತಿದ್ದವಳು. ಅರಮನೆಯ ಕೆಲಸದಲ್ಲಿ ಯಾವ ಯಾವ ದೇಶದವರು ಏನೇನು ಮಾಡುತ್ತಿದ್ದರು ಎಂದು ದಿನಚರಿಯಲ್ಲಿ ಬರೆದಿದ್ದಾಳೆ. ಗಾರೆಯವರು ಇಟಾಲಿಯನ್ನರು, ಬಡಗಿಗಳು ಜರ್ಮನರು ಮತ್ತು ಹಂಗೇರಿಯನ್ನರು, ಇಟ್ಟಿಗೆ ಸುಡುವವರು ತುರ್ಕರು, ಇಂಜಿನಿಯರುಗಳು ಪೋಲಿಷರು, ನಕ್ಷೆ ಬರೆಯುವವರು ಫ್ರೆಂಚರು, ಅಳೆಯುವವರು ಇಂಗ್ಲಿಷರು. ಕೂಲಿಗೆ ಜಿಪ್ಸಿಗಳು.

ನಮ್ಮ ಗುಂಪಿನಲ್ಲಿ ಎಲ್ಲರೂ ನಕ್ಕರು. ಆಹಾ, ಎಷ್ಟು ದೇಶದವರು! ಬೆಳಗ್ಗೆ ಬಸ್ಸು ಹತ್ತುವಾಗ ಅದೇ ಹುಡುಗಿ ಚೀಲ ಜೋಪಾನ, ಸುತ್ತಮುತ್ತ ಜಿಪ್ಸಿಗಳಿರುತ್ತಾರೆ ಎಂದಿದ್ದಳು. ಒಳ್ಳೆಯ ಹುಡುಗಿ, ನನ್ನ ಕೈ ಹಿಡಿದು ಮೆಟ್ಟಿಲಿಳಿಸಿದವಳು.

ಸಂಜೆ ಈ ದ್ರಾಕ್ಷಿತೋಟಕ್ಕೆ ಬಂದೆವು. ಕಾರ್ಪೇಥಿಯನ್ ಬೆಟ್ಟಸಾಲು ಬಯಲಿಗಿಳಿಯುವ ಕಡೆ, ದಕ್ಷಿಣದ ಬಿಸಿಲಿಗೆ ಮೈಯೊಡ್ಡಿದ ಇಳಿಜಾರುಗಳು, ಕಣ್ಣು ಹಾಯುವಷ್ಟು ದೂರ ಸಾಲು ಬಳ್ಳಿ. ಕೊಯ್ಲು ನಡೆದಿದೆ. ಮನೆ ಹಳೆಯ ಬೊಯಾರ್ ಜಮೀನ್ದಾರರದ್ದು. ಕಮ್ಯುನಿಸ್ಟರು ಕಿತ್ತುಕೊಂಡು, 1989ರ ನಂತರ ವಾಪಸು ಬಂದದ್ದು. ಇವರಿಗೆ ಫೆತೆಯಾಸ್ಕ ನೆಯಾಗ್ರ ಎಂಬ ಕಪ್ಪು ದ್ರಾಕ್ಷಿಯ ವೈನ್ ಕೊಟ್ಟರು, ಈ ನೆಲದ್ದೇ ತಳಿ. ನನಗೆ ತಮಯೋವಾಸ ಎಂಬುದರ ಒಂದು ಗುಟುಕು. ಸಿಹಿ, ಬಿಳಿ, ಲೋಟ ಮೂಗಿನ ಹತ್ತಿರ ತಂದರೆ ಧೂಪದ ವಾಸನೆ. ಅತ್ತಿಗೆಗೆ ಇದನ್ನು ಯಾರೂ ಓದಿ ಹೇಳಬೇಡಿ.

ಊಟದ ನಡುವೆ ಮೂವರು ವಾದ್ಯದವರು ಬಂದರು. ಪಿಟೀಲು, ದೊಡ್ಡ ಬಾಸ್, ಮತ್ತೆ ಪುಟ್ಟ ಕೋಲುಗಳಿಂದ ತಂತಿ ಬಡಿಯುವ ತ್ಸಂಬಾಲ್. ಸಂತೂರಿನ ಬಳಗದ್ದು. ಪಿಟೀಲಿನವರಿಗೆ ಅರವತ್ತು ದಾಟಿರಬೇಕು. ಮೇಜಿನಿಂದ ಮೇಜಿಗೆ ಹೋಗಿ ತಿನ್ನುವವರ ಕಿವಿಯ ಹತ್ತಿರ ಬಾಗಿ ನುಡಿಸುತ್ತಿದ್ದರು. ನಾವು ಕಛೇರಿಯಲ್ಲಿ ಕಲಾವಿದರನ್ನು ಎತ್ತರದಲ್ಲಿ ಕೂರಿಸಿ ಕೇಳಿ ಅಭ್ಯಾಸವಾದವರು. ಬಾಯಲ್ಲಿ ತುತ್ತಿಟ್ಟುಕೊಂಡು ಅಷ್ಟು ಒಳ್ಳೆಯ ಸಂಗೀತ ಕೇಳುವುದು ನನಗೆ ಆಗಲಿಲ್ಲ. ಸುಟ್ಟ ಮಾಂಸದ ಹೊಗೆಯೂ ಸೇರಿ ತಲೆ ಭಾರವಾಗಿ ಹೊರಗೆ ಜಗಲಿಗೆ ಬಂದೆ. ಸ್ವಲ್ಪ ಹೊತ್ತಿಗೆ ಅವರೂ ಸಿಗರೇಟು ಹಚ್ಚಿಕೊಂಡು ಬಂದರು.

"ಇಂಡಿಯಾ?" ಎಂದರು. ಸೀರೆಯುಟ್ಟವಳನ್ನು ಇನ್ನೇನೆಂದು ಕೇಳಬೇಕು? ಹೌದೆಂದೆ. ಪ್ರವಾಸಿ ಹಡಗುಗಳಲ್ಲಿ ವರ್ಷಗಟ್ಟಲೆ ನುಡಿಸಿದವರಂತೆ, ಇಂಗ್ಲಿಷ್ ಸರಾಗ. ಕರಿ ಜಾಕೀಟಿನ ಎದೆಯ ಮೇಲಿದ್ದ ಗುಂಡಿಗಿಂತ ಸ್ವಲ್ಪ ದೊಡ್ಡ ಬಿಲ್ಲೆಯನ್ನು ಬೆರಳಿನಿಂದ ಎತ್ತಿ ಬೆಳಕಿಗೆ ಹಿಡಿದರು. ಮೇಲೆ ನೀಲಿ, ಕೆಳಗೆ ಹಸಿರು, ನಡುವೆ ಕೆಂಪು ಚಕ್ರ. ಎನಾಮಲ್ ಒಂದು ಕಡೆ ಎದ್ದು ಹೋಗಿ ತಗಡು ಕಾಣುತ್ತಿತ್ತು. "ನಿಮ್ಮದರಲ್ಲಿ ಅರೆಗಳು 24, ನಮ್ಮದರಲ್ಲಿ 16" ಎಂದರು. 1971ರಲ್ಲಿ ಲಂಡನ್ ಬಳಿ ಹಲವು ದೇಶಗಳ ರೋಮಾ ಜನ, ಅಂದರೆ ಲೋಕ ಜಿಪ್ಸಿಗಳೆಂದು ಕರೆಯುವವರು, ಸೇರಿ ಒಪ್ಪಿದ ಬಾವುಟ. ಆ ಚಕ್ರ ಬಂದದ್ದು ನಮ್ಮ ಅಶೋಕ ಚಕ್ರದಿಂದ. ಸಾವಿರ ವರ್ಷದ ಕೆಳಗೆ ವಾಯವ್ಯ ಭಾರತ ಬಿಟ್ಟು ಬಂದವರು ಇವರು ಎಂದು ಎಲ್ಲೋ ಓದಿದ್ದೆ. ಓದಿದ್ದು ಬೇರೆ, ಎದುರಿಗೆ ನಿಂತವರು ಎದೆಯ ಮೇಲೆ ಧರಿಸಿದ್ದನ್ನು ಮುಟ್ಟಿ ನೋಡುವುದೇ ಬೇರೆ.

"ಈ ಮನೆಯ ಕಥೆ ಹೇಳಿದರೇ?" ಎಂದು ಕೇಳಿದರು. ಹೇಳಿದರು, ಕಮ್ಯುನಿಸ್ಟರು ಕಿತ್ತುಕೊಂಡ ಕಥೆ ಎಂದೆ. ಅವರು ಹೊಗೆ ಬಿಟ್ಟು ನಕ್ಕರು. "ಇಂಥ ಮನೆಗಳ ಲೆಕ್ಕದ ಪುಸ್ತಕದಲ್ಲಿ ಎತ್ತು, ಕುದುರೆ, ಬಳ್ಳಿ, ಆಮೇಲೆ ನಾವು. ಅಡುಗೆಯವನು, ಕಮ್ಮಾರ, ಪಿಟೀಲಿನವನು. ನನ್ನ ಅಜ್ಜನ ಅಜ್ಜನನ್ನು ಬೊಯಾರನೊಬ್ಬ ಮಗಳ ಮದುವೆಗೆ ಬಳುವಳಿ ಕೊಟ್ಟಿದ್ದ. ಪಿಟೀಲಿನ ಸಮೇತ."

ಸಿಟ್ಟಿನಿಂದ ಹೇಳಲಿಲ್ಲ. ನಮ್ಮ ತಾತ ಬ್ರಿಟಿಷರ ಕಾಲದಲ್ಲಿ ಅಮಲ್ದಾರರಾಗಿದ್ದರು ಎಂದು ನಾನು ಹೇಳುವ ಧಾಟಿಯಲ್ಲೇ ಹೇಳಿದರು.

ಕೋಣೆಗೆ ಬಂದ ಮೇಲೆ ಮೊಬೈಲಿನಲ್ಲಿ ಓದುತ್ತಾ ಕೂತೆ. 1385ರ ಒಂದು ಶಾಸನಪತ್ರದಲ್ಲಿ ತಿಸ್ಮಾನಾ ಮಠಕ್ಕೆ ಸೇರಿದ ಆಸ್ತಿಯಲ್ಲಿ 40 ಜಿಪ್ಸಿ ಒಕ್ಕಲುಗಳ ಲೆಕ್ಕವಿದೆ. ದೊರೆಯ ಗುಲಾಮರು, ಮಠದ ಗುಲಾಮರು, ಬೊಯಾರರ ಗುಲಾಮರು ಎಂದು ಮೂರು ಬಗೆ. ಕೊನೆಗೆ ಆಗಿನ ಎರಡು ಸಂಸ್ಥಾನಗಳಲ್ಲಿ, ಮಾಲ್ಡೇವಿಯದಲ್ಲಿ 1855ರಲ್ಲಿ, ಇಲ್ಲಿ ವಲಾಕಿಯದಲ್ಲಿ 1856ರಲ್ಲಿ ಬಿಡುಗಡೆ. ಸುಮಾರು ಎರಡೂವರೆ ಲಕ್ಷ ಜನ. ಪರಿಹಾರ ಸಿಕ್ಕಿದ್ದು ಒಡೆಯರಿಗೆ. ಬಿಟ್ಟ ಮೇಲೆ 20 ವರ್ಷ ಕಳೆಯುವಷ್ಟರಲ್ಲಿ ರಾಣಿಯ ದಿನಚರಿಯಲ್ಲಿ ಕೂಲಿಗಳಾಗಿ ಕಾಣಿಸಿಕೊಂಡರು. 1942ರಲ್ಲಿ ಇಲ್ಲಿಯ ಸರ್ವಾಧಿಕಾರಿ ಅಂತೊನೆಸ್ಕುವಿನ ಸರಕಾರ ಇವರಲ್ಲಿ 25 ಸಾವಿರ ಜನರನ್ನು ಪೂರ್ವಕ್ಕೆ, ಯುದ್ಧದಲ್ಲಿ ಹಿಡಿದ ಟ್ರಾನ್ಸ್‌ನಿಸ್ಟ್ರಿಯಾ ಪ್ರದೇಶಕ್ಕೆ ಅಟ್ಟಿತು. ಹಸಿವು, ಚಳಿ, ಟೈಫಸ್. ಸುಮಾರು 11 ಸಾವಿರ ಜನ ಮರಳಲಿಲ್ಲ. ನಮ್ಮ ಕೈಲಿ ಕೊಟ್ಟ ಬಣ್ಣದ ಹಾಳೆಯಲ್ಲಿ ವೈನಿಗೆ ಎರಡು ಪುಟ, ಕೋಟೆಗೆ ಮೂರು ಪುಟ. ಇದಕ್ಕೆ ಒಂದು ಸಾಲಿಲ್ಲ.

ಇಷ್ಟಾಗಿದ್ದರೆ ಅಯ್ಯೋ ಪಾಪ ಎಂದುಕೊಂಡು ಮಲಗುತ್ತಿದ್ದೆನೋ ಏನೋ. ಆದರೆ ಸಿಗರೇಟು ಮುಗಿಯುವ ಹೊತ್ತಿಗೆ ಅವರು ಕೇಳಿದರು: "ಅಲ್ಲಿ ಉಳಿದುಕೊಂಡ ನಮ್ಮಂಥವರು ಹೇಗಿದ್ದಾರೆ?"

ನಾನು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಚಪ್ಪಾಳೆ. ಇನ್ನೊಂದು ಹಾಡು ಬೇಕಂತೆ. ಅವರು ನನ್ನ ಭುಜ ತಟ್ಟಿ ಹೋದರು.

ಏನು ಹೇಳುತ್ತಿದ್ದೆ? ಬೇಲೂರಿನ ಹತ್ತಿರ ಅಂಗಡಿಹಳ್ಳಿಯಲ್ಲಿ ಹಕ್ಕಿಪಿಕ್ಕಿಗಳ ಕಾಲೊನಿಯಿದೆ, ತಲೆಗೂದಲ ಎಣ್ಣೆ ಮಾಡಿ ಲೋಕಕ್ಕೆಲ್ಲ ಮಾರುತ್ತಾರೆ ಎನ್ನಲೇ? ಇವರಿಗೂ ಅವರಿಗೂ ನೆಂಟಸ್ತಿಕೆ ಏನೂ ಇಲ್ಲದಿರಬಹುದು. ಅವರು ಕೇಳಿದ್ದು ವಂಶವೃಕ್ಷವನ್ನಲ್ಲ. ಇಲ್ಲಿ ಇವರನ್ನು ಬಿಟ್ಟ 15 ವರ್ಷಕ್ಕೆ, 1871ರಲ್ಲಿ, ನಮ್ಮಲ್ಲಿ ಬ್ರಿಟಿಷರು ಕಾನೂನು ತಂದು ಊರೂರು ತಿರುಗುವ ಎಷ್ಟೋ ಸಮುದಾಯಗಳನ್ನು ಹುಟ್ಟಾ ಅಪರಾಧಿಗಳೆಂದು ಪಟ್ಟಿ ಮಾಡಿದರು. ಅದು ಹೋಗಿದ್ದು 1952ರಲ್ಲಿ, ಅದೂ ಕಾಗದದಿಂದ. ಕಳೆದ ವರ್ಷ ಸುಡಾನ್ ಯುದ್ಧದಲ್ಲಿ ಹಕ್ಕಿಪಿಕ್ಕಿಗಳು ಸಿಕ್ಕಿಕೊಂಡಾಗ ನಮ್ಮ ಬಡಾವಣೆಯ ಉದ್ಯಾನದಲ್ಲಿ ವಾಕಿಂಗ್ ಮಾಡುವ ನಿವೃತ್ತರೊಬ್ಬರು ಕೇಳಿದ್ದು ಇದು: "ಇವರಿಗೆಲ್ಲ ಪಾಸ್‌ಪೋರ್ಟ್ ಕೊಟ್ಟವರು ಯಾರು?" ಅಮ್ಮ ಮಣಿಸರ ಮಾರುವ ಹೆಂಗಸಿಗೆ ನೀರು ಕೊಡುತ್ತಿದ್ದಳು, ಇಲ್ಲವೆನ್ನುವುದಿಲ್ಲ. ಬೊಗಸೆಗೆ, ಮೇಲಿನಿಂದ. ಅವಳು ಹೋದ ಮೇಲೆ ಹಿತ್ತಿಲ ಬಾಗಿಲು ಭದ್ರವಾಗಿದೆಯೇ ಎಂದು ನೋಡಿಬರಲು ಕಳಿಸುತ್ತಿದ್ದದ್ದು ನನ್ನನ್ನೇ.

ಇವರಿಗೆ ಹೇಳಿದೆ. "ಯಾವುದೋ ಕಾಲದ್ದನ್ನು ತಲೆಗೆ ಹಚ್ಚಿಕೊಂಡು ಕೂರಬೇಡ, ಪಿಟೀಲಿನವನಿಗೆ ನಾನು 50 ಲೇ ಕೊಟ್ಟಿದ್ದೇನೆ" ಎಂದರು. ಲೇ ಎಂದರೆ ಇಲ್ಲಿಯ ಹಣ. ಕೊಟ್ಟದ್ದನ್ನು ನೋಡಿದೆ. ಎದುರಿನ ಮೇಜಿನವನು ನೋಟನ್ನು ತಂತಿಗಳ ನಡುವೆ ಸಿಕ್ಕಿಸಿದ. ಇವರೂ ಹಾಗೆಯೇ ಮಾಡಲು ಹೋಗಿ, ಅಳುಕಿ, ಕೊನೆಗೆ ಕೈಗೆ ಕೊಟ್ಟರು. ಅದಕ್ಕೆ ಇವರ ಮೇಲೆ ನನಗೆ ಪ್ರೀತಿಯೇ ಬಂತು. ಆದರೆ ಅದನ್ನು ಬಾಯಿಬಿಟ್ಟು ಹೇಳಿದರೆ ಇನ್ನೊಂದು ಪಾಪನಾಶ್‌ಗೆ ಪರವಾನಗಿ ಕೊಟ್ಟಂತೆ.

ನಾಳೆ ಬುಕಾರೆಸ್ಟ್‌ನಲ್ಲಿ ಗ್ರಾಮ ಮ್ಯೂಸಿಯಂ. 1936ರಲ್ಲಿ ದೇಶದ ಮೂಲೆಮೂಲೆಯಿಂದ ಮನೆ, ಗಿರಣಿ, ಮರದ ಚರ್ಚುಗಳನ್ನು ಬಿಚ್ಚಿ ತಂದು ಕೆರೆಯ ದಂಡೆಯಲ್ಲಿ ಜೋಡಿಸಿದ್ದಂತೆ. ಅದರಲ್ಲಿ ಪಿಟೀಲಿನವರ ಕಡೆಯ ಮನೆ ಒಂದಾದರೂ ಇದೆಯೇ ಎಂದು ಗೈಡ್ ಹುಡುಗಿಯನ್ನು ಕೇಳಬೇಕು. ಎಲ್ಲರೆದುರು ಕೇಳಿದರೆ ಅವಳಿಗೆ ಮುಜುಗರ, ಒಬ್ಬಳೇ ಸಿಕ್ಕಾಗ ಕೇಳಿದರೆ ಬೇರೆಯವರ ಕಿವಿಗೆ ಬೀಳುವುದಿಲ್ಲ. ಬಸ್ಸಿನಲ್ಲಿ ಮೈಕ್ ಅವಳ ಕೈಯಲ್ಲೇ ಇರುತ್ತದಲ್ಲ, ಆಗಲೇ ಕೇಳಿದರೆ ಹೇಗೆ ಎಂದು ಯೋಚಿಸುತ್ತಿದ್ದೇನೆ.